ಸೈಕಲ್ಲಿಗೊಂದು ದಾರಿ

ಇತಿಹಾಸದ ಪಾಠದಲ್ಲಿ ರಸ್ತೆಗಳು ಬರುವುದು ರಾಜರ ಹೆಸರಿನೊಡನೆ. ಅಶೋಕ ದಾರಿಯ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ, ಶೇರ್ ಷಾ ಹೆದ್ದಾರಿ ಮಾಡಿಸಿ ಛತ್ರಗಳನ್ನು ಕಟ್ಟಿಸಿದ ಎಂದು ಕರಿಹಲಗೆಯ ಮುಂದೆ ನಿಂತು ಎಷ್ಟು ವರ್ಷಗಳಿಂದ ಹೇಳುತ್ತ ಬಂದಿದ್ದೇನೆಯೋ ಲೆಕ್ಕವಿಲ್ಲ. ಮಕ್ಕಳೂ ಹಾಗೆಯೇ ಬರೆದು ಅಂಕ ಪಡೆಯುತ್ತಾರೆ. ಆದರೆ ಆ ರಸ್ತೆಯ ಯಾವ ಭಾಗದಲ್ಲಿ ಯಾರು ನಡೆಯುತ್ತಿದ್ದರು, ಕುದುರೆ ಸವಾರ ಬಂದಾಗ ತಲೆಹೊರೆಯ ಹೆಂಗಸು ಎಲ್ಲಿಗೆ ಸರಿಯುತ್ತಿದ್ದಳು ಎಂಬ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ರಸ್ತೆಯ ನಿಜವಾದ ಚರಿತ್ರೆ ಇರುವುದು ಅದರ ಅಂಚಿನಲ್ಲಿ. ಯಾರು ನಡುವೆ ಹೋಗಬೇಕು, ಯಾರು ಬದಿಗೆ ಸರಿಯಬೇಕು ಎಂಬುದೇ ಆ ಚರಿತ್ರೆ. ಸೈಕಲ್ಲು ಹುಟ್ಟಿದ ಮೇಲೆ ಈ ಪ್ರಶ್ನೆ ಇನ್ನಷ್ಟು ತೊಡಕಾಯಿತು. ಏಕೆಂದರೆ ಸೈಕಲ್ಲಿನವನು ನಡೆಯುವವನೂ ಅಲ್ಲ, ವಾಹನದವನೂ ಅಲ್ಲ. ಅವನನ್ನು ಎಲ್ಲಿಡಬೇಕೆಂದು ಯಾವ ದೇಶಕ್ಕೂ ಬೇಗ ಹೊಳೆಯಲಿಲ್ಲ.

ಇಂದು ನಾವು ಕಾಣುವ, ಎರಡು ಸಮಗಾತ್ರದ ಗಾಲಿಗಳ ಸೈಕಲ್ಲನ್ನು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೂಪಿಸಿದ. ಮೂರು ವರ್ಷಗಳ ನಂತರ, 1888ರಲ್ಲಿ, ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಆ ಹೊತ್ತಿಗೆ ರಸ್ತೆಗಳು ಕಲ್ಲು ಕೆಸರಿನವು. ಸೈಕಲ್ಲು ತುಳಿಯುವವನ ಸೊಂಟ ಮುರಿಯುವಂಥವು. ಒಳ್ಳೆಯ ರಸ್ತೆ ಬೇಕೆಂದು ಅಲ್ಲಿ ಮೊದಲು ಸಂಘ ಕಟ್ಟಿ ಕೂಗಿದವರಲ್ಲಿ ಸೈಕಲ್ಲಿನವರೇ ಮುಂದು. 1878ರಲ್ಲಿ ಹುಟ್ಟಿದ ಅವರ ಪ್ರವಾಸಿ ಕ್ಲಬ್ಬು ಇನ್ನೊಂದು ಸಂಘದೊಡನೆ ಸೇರಿ 1886ರಲ್ಲಿ ರಸ್ತೆ ಸುಧಾರಣೆಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿತು. ಮೋಟಾರು ಕಾರು ಆಗಿನ್ನೂ ತೊಟ್ಟಿಲಿನಲ್ಲಿತ್ತು. ಸೈಕಲ್ಲಿನವರು ಬೇಡಿ ಪಡೆದ ನುಣುಪು ರಸ್ತೆಯ ಮೇಲೆ ಮುಂದೆ ಮೋಟಾರು ಓಡಿತು. ಓಡಿ, ಬೇಡಿದವರನ್ನೇ ಅಂಚಿಗೆ ತಳ್ಳಿತು. ಮನೆ ಕಟ್ಟಿಸಿದವನು ಜಗುಲಿಯಲ್ಲಿ ಮಲಗಿದ ಹಾಗೆ.

ನಮ್ಮಲ್ಲೂ ಸೈಕಲ್ಲಿಗೆ ಒಂದು ಕಾಲದಲ್ಲಿ ಮರ್ಯಾದೆಯಿತ್ತು. ನಾನು ಚಿಕ್ಕವಳಿದ್ದಾಗ ನಮ್ಮ ತಂದೆ ಪುರಸಭೆಗೆ ತೆರಿಗೆ ಕಟ್ಟಿ ತಂದ ತಗಡಿನ ಬಿಲ್ಲೆಯನ್ನು ಸೈಕಲ್ಲಿಗೆ ತಂತಿಯಿಂದ ಬಿಗಿಯುತ್ತಿದ್ದರು. ರಾತ್ರಿ ದೀಪವಿಲ್ಲದೆ ಹೊರಟರೆ ಪೊಲೀಸಿನವರು ಹಿಡಿಯುತ್ತಾರೆಂಬ ಭಯ ಬೇರೆ. ತೆರಿಗೆಯಿತ್ತು, ದಂಡವಿತ್ತು, ಅಂದರೆ ಸರ್ಕಾರದ ಕಣ್ಣಿನಲ್ಲಿ ಸೈಕಲ್ಲಿನವನೂ ರಸ್ತೆಯ ಒಬ್ಬ ಹಕ್ಕುದಾರನೇ ಆಗಿದ್ದ. ಕಾಲಕ್ರಮದಲ್ಲಿ ಬಿಲ್ಲೆಯೂ ಹೋಯಿತು, ದೀಪ ಕೇಳುವವರೂ ಹೋದರು. ಅದನ್ನು ಸ್ವಾತಂತ್ರ್ಯವೆಂದು ತಿಳಿದೆವು. ಲೆಕ್ಕದಿಂದಲೇ ಹೆಸರು ಬಿಟ್ಟುಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಊರಿನ ಹೊರವಲಯದ ದಟ್ಟ ರಸ್ತೆಯಲ್ಲಿ ಸೈಕಲ್ಲಿಗೆ ಬೇರೆ ಜಾಗ ಕೊಟ್ಟು ನೋಡಿದ ಪ್ರಸಿದ್ಧ ಪ್ರಯೋಗವೊಂದು ಲಂಡನ್ನಿನ ಪಶ್ಚಿಮಕ್ಕೆ, ವೆಸ್ಟರ್ನ್ ಅವೆನ್ಯೂ ಎಂಬ ರಸ್ತೆಯಲ್ಲಿ ನಡೆಯಿತು. 1934ರ ಡಿಸೆಂಬರ್ 14ರಂದು ಸಾರಿಗೆ ಸಚಿವ ಲೆಸ್ಲಿ ಹೋರ್-ಬೆಲಿಷಾ ಅದನ್ನು ಉದ್ಘಾಟಿಸಿದರು. ಹ್ಯಾಂಗರ್ ಲೇನಿನಿಂದ ಗ್ರೀನ್‌ಫೋರ್ಡ್ ರಸ್ತೆಯವರೆಗೆ ಎರಡೂವರೆ ಮೈಲಿ. ರಸ್ತೆಯ ಎರಡೂ ಬದಿಗೆ ಎಂಟೂವರೆ ಅಡಿ ಅಗಲದ ಕಾಂಕ್ರೀಟು ಪಥ. ಆ ವರ್ಷ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಸಚಿವರು ಕೈಕಟ್ಟಿ ಕೂರುವವರಾಗಿರಲಿಲ್ಲ. ಜನವಸತಿಯ ಜಾಗದಲ್ಲಿ ಗಂಟೆಗೆ 30 ಮೈಲಿಯ ಮಿತಿ, ಚಾಲಕರಿಗೆ ಕಡ್ಡಾಯ ಪರೀಕ್ಷೆ, ಪಾದಚಾರಿಗಳು ದಾಟುವಲ್ಲಿ ಕಿತ್ತಳೆ ಬಣ್ಣದ ಗೋಳದ ಕಂಬ ಇವೆಲ್ಲ ಜಾರಿಗೆ ಬಂದದ್ದು ಅವರ ಕಾಲದಲ್ಲಿಯೇ. ಆ ಕಂಬಗಳಿಗೆ ಇವತ್ತಿಗೂ ಬೆಲಿಷಾ ದೀಪವೆಂದೇ ಹೆಸರು.

ಸೈಕಲ್ಲಿನವರು ಹಾರ ತುರಾಯಿ ಹಿಡಿದು ಬಂದಿರಬೇಕೆಂದು ನಮಗೆ ಅನ್ನಿಸುತ್ತದೆ. ಆದದ್ದು ತಿರುಗುಮುರುಗು. ರಸ್ತೆಗಾಗಿ ಹೋರಾಡಿದ್ದ ಅದೇ ಕ್ಲಬ್ಬು ಈ ಪಥವನ್ನು ವಿರೋಧಿಸಿತು. ಇಂದು ಇದರಲ್ಲಿ ಹೋಗಿ ಎನ್ನುವವರು ನಾಳೆ ರಸ್ತೆಗೆ ಬರಲೇಬೇಡಿ ಎನ್ನುತ್ತಾರೆ ಎಂಬುದು ಅವರ ಶಂಕೆ. ಜೊತೆಗೆ ಇನ್ನೊಂದು ದೂರು: ಅಡ್ಡರಸ್ತೆ ಬಂದಲ್ಲೆಲ್ಲ ಪಥ ಕಡಿದುಹೋಗುತ್ತದೆ. ಎರಡು ಅಡ್ಡರಸ್ತೆಗಳ ನಡುವೆ ಸುಖ, ಅಡ್ಡರಸ್ತೆಯ ಬಾಯಲ್ಲಿ ಮತ್ತೆ ಅದೇ ಗಂಡಾಂತರ. ಮುಂದಿನ ವರ್ಷಗಳಲ್ಲಿ ಇಂಥ ಪಥಗಳು ಇನ್ನೂ ಹಲವು ರಸ್ತೆಗಳ ಬದಿಯಲ್ಲಿ ಬಂದವು. ಯುದ್ಧ ಬಂತು, ಕಾರು ಹೆಚ್ಚಿತು, ಪಥಗಳನ್ನು ಜನ ಮರೆತರು. ಎಷ್ಟು ಮರೆತರೆಂದರೆ, 2017ರಲ್ಲಿ ಕಾರ್ಲ್‌ಟನ್ ರೀಡ್ ಎಂಬ ಪತ್ರಕರ್ತ ಹಳೆಯ ದಾಖಲೆಗಳನ್ನು ಹಿಡಿದು ಅವುಗಳನ್ನು ಹೊಸದಾಗಿ ಹುಡುಕಬೇಕಾಯಿತು. ಕೆಲವು ಕಡೆ ಅವು ಕಾರು ನಿಲ್ಲಿಸುವ ಜಾಗಗಳಾಗಿದ್ದವು.

ಇದೇ 1934ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲೊಂದು ಘಟನೆ ನಡೆಯಿತು. ಜಯಕರ್ ಸಮಿತಿಯ ಶಿಫಾರಸಿನಂತೆ ಭಾರತೀಯ ರಸ್ತೆ ಕಾಂಗ್ರೆಸ್ ಹುಟ್ಟಿತು. ರಸ್ತೆ ಎಂಜಿನಿಯರುಗಳ ಸಂಸ್ಥೆ ಅದು. ಇಂದಿಗೂ ದೇಶದ ರಸ್ತೆಗಳಿಗೆ ಅಳತೆ ಹೇಳಿಕೊಡುವುದು ಅದೇ. ಅದರ ಒಂದು ಪುಸ್ತಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸೈಕಲ್ ಪಥದ ವಿಚಾರದಲ್ಲಿ ಇಂಗ್ಲೆಂಡು ಎಡವಿದಲ್ಲಿ ಗೆದ್ದದ್ದು ನೆದರ್‌ಲ್ಯಾಂಡ್ಸ್. ಅಲ್ಲಿ ಸೈಕಲ್ಲು ತುಳಿಯುವುದು ಜನರ ರಕ್ತದಲ್ಲೇ ಇದೆ, ನೆಲವೂ ಸಪಾಟು ಎಂದು ಹೇಳಿ ನಾವು ಸುಮ್ಮನಾಗಿಬಿಡುತ್ತೇವೆ. ನೆಲ ಸಪಾಟೆಂಬುದು ನಿಜ. ಆದರೆ ಎರಡನೆಯ ಮಹಾಯುದ್ಧದ ನಂತರ ಆ ದೇಶಕ್ಕೂ ಹಣ ಬಂತು, ಕಾರು ಬಂತು, ಸೈಕಲ್ಲು ಇಳಿಮುಖವಾಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನ ಆರು ವರ್ಷದ ಮಗಳು ಅವರಲ್ಲೊಬ್ಬಳು. ಮರುವರ್ಷ ಅವನು ತನ್ನ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂಬುದು ಅದರ ತಲೆಬರಹ. ಅಪಘಾತ ಎಂಬ ಮೆದು ಮಾತನ್ನು ಆ ತಂದೆ ಬಳಸಲಿಲ್ಲ.

ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟ್ಟೆನ್, ಆಗ ಎಳೆಯ ತಾಯಿ. ಅಪಘಾತದ ಜಾಗಗಳಲ್ಲಿ ಜನ ಹೋಗಿ ಕುಳಿತರು. ಬೀದಿಗಳನ್ನು ಒಂದು ದಿನದ ಮಟ್ಟಿಗೆ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಪ್ರಧಾನಿ ಯೋಪ್ ಡೆನ್ ಆಯ್ಲ್ ಅವರ ಮನೆಯ ಮುಂದೆ ಸೈಕಲ್ಲಿನಲ್ಲಿ ಹೋಗಿ ಹಾಡಿದರು. ಪ್ರಧಾನಿ ಹೊರಬಂದು ಕೇಳಿದರು. 1973ರಲ್ಲಿ ತೈಲದ ಅಭಾವ ಬಂದು, ಭಾನುವಾರಗಳಂದು ಕಾರು ಓಡಿಸಬಾರದೆಂದಾಯಿತು. ಹೆದ್ದಾರಿಗಳ ಮೇಲೆ ಮಕ್ಕಳು ಸೈಕಲ್ಲು ತುಳಿದರು. ರಸ್ತೆ ಹೀಗೂ ಇರಬಹುದೆಂದು ಜನ ಕಣ್ಣಾರೆ ಕಂಡರು. 1975ರಲ್ಲಿ ಸೈಕಲ್ಲಿನವರ ಹೊಸ ಸಂಘವೊಂದು ಹುಟ್ಟಿ, ಊರೂರಿನಲ್ಲಿ ಯಾವ ತಿರುವು ಅಪಾಯ, ಯಾವ ದಾರಿ ಕಡಿದಿದೆ ಎಂದು ಗುರುತು ಹಾಕತೊಡಗಿತು.

ಸರ್ಕಾರ ಮೊದಲು ಮಾಡಿದ್ದು ಟಿಲ್‌ಬರ್ಗ್ ಮತ್ತು ದಿ ಹೇಗ್ ಎಂಬ ಎರಡು ಊರುಗಳಲ್ಲಿ ಒಂದೊಂದು ಮಾದರಿ ಪಥ. ಎಪ್ಪತ್ತರ ದಶಕದ ನಡುವಿನ ಮಾತು. ದಿ ಹೇಗ್‌ನಲ್ಲಿ ಅಂಗಡಿಯವರು ಗಿರಾಕಿಗಳು ತಪ್ಪುತ್ತಾರೆಂದು ವಿರೋಧಿಸಿದರು. ಪಥಗಳೇನೋ ಚೆನ್ನಾಗಿಯೇ ಇದ್ದವು, ಆದರೆ ಅವುಗಳಿಂದ ಸೈಕಲ್ಲಿನವರ ಒಟ್ಟು ಸಂಖ್ಯೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಮನೆಯಿಂದ ಪಥದವರೆಗೆ, ಪಥದಿಂದ ಶಾಲೆಯವರೆಗೆ ಹೋಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಎಂಬತ್ತರ ದಶಕದ ಡೆಲ್ಫ್ಟ್ ನಗರ. ಅದು ಒಂದು ಪಥವನ್ನಲ್ಲ, ಇಡೀ ಊರಿಗೆ ಒಂದು ಬಲೆಯನ್ನು ಹೆಣೆಯಿತು. ಊರಿಗೆ ಊರೇ ದಾಟುವ ದೊಡ್ಡ ಪಥಗಳು, ಬಡಾವಣೆಗಳ ನಡುವಿನ ಪಥಗಳು, ಮನೆ ಬಾಗಿಲಿಗೆ ಮುಟ್ಟುವ ಗಲ್ಲಿಗಳು ಎಂದು ಮೂರು ಹಂತ. ಸೀರೆಗೆ ಒಂದೇ ಎಳೆ ಸಾಲದು, ಹಾಸು ಹೊಕ್ಕು ಎರಡೂ ಬೇಕು ಎಂಬುದು ನೇಯುವವರಿಗೆಲ್ಲ ಗೊತ್ತಿರುವ ಸಂಗತಿ.

1993ರಲ್ಲಿ ಡಚ್ಚರು ತಮ್ಮ ಅನುಭವವನ್ನೆಲ್ಲ ಒಂದು ಕೈಪಿಡಿಯಾಗಿ ಇಂಗ್ಲಿಷಿನಲ್ಲೂ ಪ್ರಕಟಿಸಿದರು. ಅದರ ಸಾರ ಐದು ಮಾತು. ದಾರಿ ಎಲ್ಲೂ ಕಡಿಯಬಾರದು, ಸುತ್ತು ಬಳಸಾಗಬಾರದು, ಸುರಕ್ಷಿತವಾಗಿರಬೇಕು, ತುಳಿಯಲು ಹಿತವಾಗಿರಬೇಕು, ಹೋಗಬೇಕೆನ್ನಿಸುವಂತಿರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿಸಬಹುದಾದ ಪಟ್ಟಿ. ಆದರೆ ಇದರ ಹಿಂದಿರುವ ಕುಶಲತೆಯನ್ನು ರಸ್ತೆಯ ಮೇಲೆ ಇಟ್ಟೇ ನೋಡಬೇಕು.

ವೇಗದ ಲೆಕ್ಕ ಮೊದಲು. ಮೋಟಾರು ಗಂಟೆಗೆ 30 ಕಿಲೋಮೀಟರಿನ ಒಳಗೆ ಹೋಗುವ ಬೀದಿಯಲ್ಲಿ ಸೈಕಲ್ಲಿಗೆ ಬೇರೆ ಪಥ ಬೇಕಿಲ್ಲ, ಕೂಡಿಯೇ ಹೋಗಬಹುದು. ಅದಕ್ಕಿಂತ ವೇಗದ ದಟ್ಟ ರಸ್ತೆಯಲ್ಲಿ ಬೇರ್ಪಡಿಸಲೇಬೇಕು. ನಮ್ಮ ವಿಜ್ಞಾನದ ಮೇಷ್ಟರು ಹತ್ತನೆಯ ತರಗತಿಗೆ ಹೇಳಿಕೊಡುವ ಚಲನಶಕ್ತಿಯ ಪಾಠವೇ ಇದು. ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ಬೇರ್ಪಡಿಸುವುದೆಂದರೆ ಬಿಳಿ ಬಣ್ಣದ ಗೆರೆ ಎಳೆಯುವುದಲ್ಲ. ಬಣ್ಣವನ್ನು ಲಾರಿ ಲೆಕ್ಕಿಸುವುದಿಲ್ಲ. ಎತ್ತರದ ಕಲ್ಲಂಚು ಬೇಕು, ಇಲ್ಲವೇ ನಡುವೆ ಹಸಿರು ಪಟ್ಟಿ ಬೇಕು. ಕಾರು ನಿಲ್ಲಿಸುವ ಜಾಗ ಇದ್ದರೆ ಪಥ ಅದರ ಒಳಮಗ್ಗುಲಿಗೆ ಇರಬೇಕು, ಬಾಗಿಲು ಫಕ್ಕನೆ ತೆರೆದರೂ ತಾಗದಷ್ಟು ಅಂತರ ಬಿಟ್ಟು. ಬಸ್ ನಿಲ್ದಾಣ ಬಂದಲ್ಲಿ ಪಥ ನಿಲ್ದಾಣದ ಹಿಂದಿನಿಂದ ಬಳಸಿ ಹೋಗಬೇಕು. ಹಾಗಾದರೆ ಬಸ್ಸು ಎಡಕ್ಕೆ ಎಳೆದಾಗ ಸೈಕಲ್ಲು ಅದರ ಕೆಳಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಡ್ಡರಸ್ತೆ. 1934ರ ಪಥ ಸೋತದ್ದು ಅಲ್ಲಿಯೇ. ನಮ್ಮಲ್ಲಿ ವಾಹನ ಎಡಕ್ಕೆ ತಿರುಗುವಾಗ, ನೇರ ಹೋಗುವ ಸೈಕಲ್ಲಿಗೆ ಅಡ್ಡ ಬರುತ್ತದೆ. ಲಾರಿಯವನಿಗಂತೂ ಎಡಮಗ್ಗುಲಿನ ಮಗು ಕಾಣುವುದೇ ಇಲ್ಲ. ಡಚ್ಚರು ಅಡ್ಡರಸ್ತೆ ಬಂದಾಗ ಪಥವನ್ನು ಮುಖ್ಯರಸ್ತೆಯಿಂದ ಸುಮಾರು ಒಂದು ಕಾರಿನ ಉದ್ದದಷ್ಟು ಒಳಕ್ಕೆ ಸರಿಸಿದರು. ಕಾರು ಮೊದಲು ತಿರುಗುವುದನ್ನು ಮುಗಿಸುತ್ತದೆ. ಆಗ ಸೈಕಲ್ಲು ಅದರ ಕಣ್ಣೆದುರಿಗೇ ಬರುತ್ತದೆ. ಕಾರು ನಿಂತು ದಾರಿ ಕೊಡಲು ಜಾಗವೂ ಇರುತ್ತದೆ. ಸಣ್ಣ ಅಡ್ಡರಸ್ತೆಯಾದರೆ ಕಾಲುದಾರಿಯನ್ನೂ ಸೈಕಲ್ ಪಥವನ್ನೂ ಅದೇ ಎತ್ತರದಲ್ಲಿ ಮುಂದುವರಿಸುತ್ತಾರೆ. ಕಾರೇ ಉಬ್ಬು ಹತ್ತಿ ಇಳಿಯಬೇಕು. ಪಥಕ್ಕೆ ಕೆಂಪು ಡಾಂಬರು, ದೂರದಿಂದಲೇ ಕಾಣಲೆಂದು. ಇಷ್ಟೇ. ಮಹಾಯಂತ್ರವೇನೂ ಬೇಕಿಲ್ಲ, ಕಲ್ಲು, ಡಾಂಬರು ಮತ್ತು ಯಾರು ಯಾರಿಗಾಗಿ ನಿಲ್ಲಬೇಕೆಂಬ ತೀರ್ಮಾನ ಇದ್ದರಾಯಿತು.

ಆ ದೇಶದಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ವಾರ್ಷಿಕ ಸಂಖ್ಯೆ ನಾಲ್ಕು ದಶಕಗಳಲ್ಲಿ ಎರಡಂಕಿಗೆ ಇಳಿಯಿತು. ಪಥಗಳಿಂದಲೇ ಎಲ್ಲ ಆಯಿತೆನ್ನಲು ಬರುವುದಿಲ್ಲ. ವೇಗದ ಮಿತಿ, ಸೀಟುಬೆಲ್ಟು, ಆಸ್ಪತ್ರೆಯ ಸೌಕರ್ಯಗಳಿಗೂ ಪಾಲಿದೆ. ಆದರೂ ಮಗುವನ್ನು ಅಳತೆಗೋಲಾಗಿ ಹಿಡಿದು ರಸ್ತೆಯನ್ನು ಅಳೆದದ್ದು ದೊಡ್ಡ ಮಾತು. 1934ರಲ್ಲಿ ಲಂಡನ್ನಿನವರು ಮೋಟಾರಿಗೆ ಅಡಚಣೆಯಾಗದ ಹಾಗೆ ಸೈಕಲ್ಲನ್ನು ಬದಿಗಿಟ್ಟರು. 1972ರ ನಂತರ ಡಚ್ಚರು ಮಗುವಿಗೆ ಅಪಾಯವಾಗದ ಹಾಗೆ ಮೋಟಾರನ್ನು ಹದ್ದಿನಲ್ಲಿಟ್ಟರು. ಕಾಂಕ್ರೀಟು ಎರಡೂ ಕಡೆ ಒಂದೇ. ವ್ಯತ್ಯಾಸ ಇದ್ದದ್ದು ಅದನ್ನು ಹಾಕಿದ ಉದ್ದೇಶದಲ್ಲಿ.

ಈಗ ನಮ್ಮ ರಸ್ತೆ ಕಾಂಗ್ರೆಸ್ಸಿನ ಪುಸ್ತಕಕ್ಕೆ ಬರುತ್ತೇನೆ. 1962ರಲ್ಲಿಯೇ ಅದು ಸೈಕಲ್ ಪಥಗಳ ವಿನ್ಯಾಸಕ್ಕೆಂದು ಒಂದು ಕೈಪಿಡಿ ಹೊರತಂದಿತ್ತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್ಲು, 100ರಿಂದ 200 ಮೋಟಾರು ವಾಹನ ಇದ್ದರೆ ಬೇರೆ ಪಥ ಬೇಕು. ಮೋಟಾರು ವಾಹನ 200ನ್ನು ಮೀರಿದರೆ, ಸೈಕಲ್ಲು ಬರೀ 100 ಇದ್ದರೂ ಸಾಕು. ಪಥದ ಅಗಲ ಕಡಿಮೆಯೆಂದರೆ 2 ಮೀಟರು. ಡಚ್ಚರ ಚಳವಳಿಗಿಂತ ಹತ್ತು ವರ್ಷ ಮೊದಲಿನ ಪುಸ್ತಕ! 2015ರಲ್ಲಿ ಅದನ್ನು ಪರಿಷ್ಕರಿಸಿಯೂ ಆಯಿತು. ಅಂದರೆ ತಿಳಿವಳಿಕೆಗೆ ನಮ್ಮಲ್ಲಿ ಬರವಿರಲಿಲ್ಲ.

ಆ ಲೆಕ್ಕದಲ್ಲಿ ಒಂದು ತೊಡಕಿದೆ. ರಸ್ತೆಗೆ ಅಂಜಿ ಸೈಕಲ್ಲಿನವರು ಮನೆಯಲ್ಲುಳಿದರೆ ಎಣಿಕೆಯಲ್ಲಿ ನೂರು ತುಂಬುವುದಿಲ್ಲ. ನೂರು ತುಂಬಲಿಲ್ಲವಾದ್ದರಿಂದ ಪಥ ಬೇಕಿಲ್ಲ. ಹಗ್ಗವಿಲ್ಲದ ಬಾವಿಯ ಬಳಿ ನಿಂತು, ನೀರು ಸೇದುವವರೇ ಬರುತ್ತಿಲ್ಲವಲ್ಲ ಎಂದ ಹಾಗೆ.

ಪ್ರಯತ್ನಗಳು ನಡೆಯಲೇ ಇಲ್ಲವೆಂದಲ್ಲ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರು ಬಸ್ಸಿಗೆ ಬೇರೆ ದಾರಿ, ಸೈಕಲ್ಲಿಗೆ ಬೇರೆ ದಾರಿ ಮಾಡಿ 2008ರಲ್ಲಿ ಬಿಟ್ಟರು. ಕಾರಿನವರ ದೂರುಗಳ ನಡುವೆ ಅದು ಎಂಟು ವರ್ಷ ಬದುಕಿ, 2016ರಲ್ಲಿ ಕಿತ್ತುಹೋಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ, ಕೋವಿಡ್ಡಿನ ವರ್ಷ, ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಲ್ಲಿ ಸೈಕಲ್ಲಿಗೆಂದು ಪಥ ಗುರುತಿಸಿ ಗಿಡ್ಡ ಕಂಬಗಳನ್ನು ನೆಟ್ಟರು. ಮೋಟಾರ್ ಬೈಕುಗಳು ಅದರೊಳಗೆ ನುಗ್ಗಿದವು, ವಾಹನಗಳು ಅದರಲ್ಲೇ ನಿಂತವು. ಮುಂದೆ ಮೆಟ್ರೋ ಕಾಮಗಾರಿ ಬಂದಾಗ ಪಥದ ಬಹುಪಾಲು ಗುರುತು ಸಿಗದಾಯಿತು. ಕಂಬ ನೆಡುವುದು ಒಂದು ವಾರದ ಕೆಲಸ. ಆ ಕಂಬದ ಈಚೆಗಿನ ಜಾಗ ತನ್ನದಲ್ಲವೆಂದು ಬೈಕಿನವನಿಗೆ ಒಪ್ಪಿಸುವುದು ಒಂದು ತಲೆಮಾರಿನ ಕೆಲಸ.

ಈ ಚರಿತ್ರೆಯನ್ನೆಲ್ಲ ಓದುವ ಗೀಳು ನನಗೆ ಹತ್ತಿದ್ದು ನಮ್ಮ ಶಾಲೆಯ ಸೈಕಲ್ಲುಗಳಿಂದ. 2006–07ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ ತಂದಿತು. ಊರಾಚೆಯ ಹಳ್ಳಿಗಳಿಂದ, ಏಳನೆಯ ತರಗತಿಗೇ ಓದು ಮುಗಿಸುತ್ತಿದ್ದ ಹುಡುಗಿಯರು ಲಂಗ ಮೊಳಕಾಲಿಗೆ ಸಿಕ್ಕಿಸಿಕೊಂಡು, ಕ್ಯಾರಿಯರಿನ ಮೇಲೆ ಗೆಳತಿಯನ್ನೂ ಕೂರಿಸಿಕೊಂಡು ಬರತೊಡಗಿದರು. ಹುಡುಗಿಯ ಕೈಗೆ ಸೈಕಲ್ಲು ಬಂದರೆ ಏನಾಗುತ್ತದೆಂಬುದನ್ನು ಅದೇ ವರ್ಷ ಇಂಥದೇ ಯೋಜನೆ ತಂದ ಬಿಹಾರದಲ್ಲಿ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರೌಢಶಾಲೆಗೆ ಸರಿಯಾದ ವಯಸ್ಸಿನಲ್ಲಿ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತು. ನಮಗೆ ಅಧ್ಯಯನ ಬೇಕಿರಲಿಲ್ಲ, ಹಾಜರಿ ಪುಸ್ತಕವೇ ಹೇಳುತ್ತಿತ್ತು.

ಆಮೇಲೆ ಶಾಲೆಯ ಮುಂದಿನ ರಸ್ತೆ ಅಗಲವಾಯಿತು. ಮರಗಳು ಹೋದವು, ನಡುವೆ ವಿಭಜಕ ಬಂತು, ವಾಹನಗಳ ವೇಗ ಏರಿತು. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಎಡಕ್ಕೆ ತಿರುಗುತ್ತಿದ್ದ ಟ್ರ್ಯಾಕ್ಟರಿನ ಟ್ರೈಲರು ತಾಗಿ ಕೈ ಮುರಿಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಮರುವಾರದಿಂದ ಆ ದಿಕ್ಕಿನ ಹುಡುಗಿಯರ ಸೈಕಲ್ಲುಗಳು ಒಂದೊಂದಾಗಿ ಶಾಲೆಗೆ ಬರುವುದು ನಿಂತಿತು. ಕೆಲವರನ್ನು ಅಪ್ಪಂದಿರು ಬೈಕಿನಲ್ಲಿ ಬಿಟ್ಟುಹೋಗುತ್ತಿದ್ದರು, ಬಿಡುವಿದ್ದ ದಿನ ಮಾತ್ರ. ಒಬ್ಬ ತಂದೆಯನ್ನು ಕರೆಸಿ ಕೇಳಿದೆ. “ಮೇಡಂ, ಸರ್ಕಾರ ಸೈಕಲ್ಲು ಕೊಟ್ಟೈತೆ, ತುಳಿಯಾಕೆ ಜಾಗ ಕೊಟ್ಟಿಲ್ವಲ್ಲ” ಅಂದ. ಇಪ್ಪತ್ತು ಪುಟದ ವರದಿ ಬರೆದರೂ ಇದಕ್ಕಿಂತ ಚೆನ್ನಾಗಿ ಹೇಳಲು ಆಗದು.

ಸಮಾಜ ವಿಜ್ಞಾನದಲ್ಲಿ ನಕ್ಷೆ ಬಿಡಿಸುವ ಚಟುವಟಿಕೆ ಇರುತ್ತದಷ್ಟೆ. ಆ ವರ್ಷ ಮಕ್ಕಳಿಗೆ ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಬರೆದು, ಭಯವಾಗುವ ಜಾಗದಲ್ಲಿ ಕೆಂಪು ಚುಕ್ಕೆ ಇಡಿ ಎಂದೆ. ನೇರ ರಸ್ತೆಯ ಉದ್ದಕ್ಕೂ ಚುಕ್ಕೆ ಬರುತ್ತದೆಂದು ನೀವು ಊಹಿಸಬಹುದು. ಬಂದದ್ದು ಹಾಗಲ್ಲ. ಪೆಟ್ರೋಲ್ ಬಂಕಿನ ಬಾಯಿ, ಬಡಾವಣೆಯ ತಿರುವು, ಬಸ್ಸು ಎಡಕ್ಕೆ ಎಳೆಯುವ ನಿಲ್ದಾಣ, ಕಾರುಗಳು ರಸ್ತೆಗೇ ಚಾಚಿಕೊಳ್ಳುವ ಕಲ್ಯಾಣ ಮಂಟಪ, ಚಪ್ಪಡಿ ಕಿತ್ತ ಚರಂಡಿ, ಹೀಗೆ ಮತ್ತೆ ಮತ್ತೆ ಅವೇ ಜಾಗಗಳು. ದಾರಿ ಎಲ್ಲಿ ಕಡಿಯುತ್ತದೋ ಅಲ್ಲೆಲ್ಲ ಕೆಂಪು. ಡಚ್ಚರು ಇಪ್ಪತ್ತು ವರ್ಷದಲ್ಲಿ ಕಲಿತದ್ದನ್ನು ನಮ್ಮ ಮಕ್ಕಳು ಒಂದು ಮಧ್ಯಾಹ್ನ ಬರೆದುಕೊಟ್ಟರು.

ಆ ನಕ್ಷೆಗಳನ್ನು ಒಂದು ಮನವಿಯೊಡನೆ ಶಾಲಾಭಿವೃದ್ಧಿ ಸಮಿತಿಯ ಮೂಲಕ ಕಳುಹಿಸಿದೆವು. ಒಬ್ಬ ಕಿರಿಯ ಎಂಜಿನಿಯರು ಟೇಪು ಹಿಡಿದು ಬಂದರು, ಶ್ರದ್ಧೆಯಿಂದ ಅಳೆದರು. ಎರಡು ಬದಿಗೂ ಎರಡೆರಡು ಮೀಟರು ತೆಗೆಯಲು ಜಾಗ ಇದೆ, ಆದರೆ ಅಲ್ಲಿ ಈಗ ಕಾರುಗಳು ನಿಲ್ಲುತ್ತವಲ್ಲ ಎಂದರು. ಶಾಲೆಯ ಮುಂದೆ ಒಂದು ಉಬ್ಬು ಬಂತು, ಪಟ್ಟೆ ಬಳಿದರು. ಪಥ ಬರಲಿಲ್ಲ. ಕೋವಿಡ್ ಬಂದ ಮೇಲೆ ಸೈಕಲ್ಲು ಹಂಚುವುದೂ ನಿಂತಿತು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರವೇ ಲೆಕ್ಕ ಕೊಟ್ಟಿದೆ. ಈ ಲೆಕ್ಕದಲ್ಲಿ ಬಾರದ ಇನ್ನೊಂದು ನಷ್ಟವಿದೆ. ಅಂಜಿ ಸೈಕಲ್ಲು ಬಿಟ್ಟ ಹುಡುಗಿ, ಅಪ್ಪನಿಗೆ ಬಿಡುವಿಲ್ಲದ ದಿನ ತಪ್ಪಿದ ತರಗತಿ, ಹತ್ತನೆಯದಕ್ಕೆ ನಿಂತ ಓದು ಯಾವ ಠಾಣೆಯಲ್ಲೂ ದಾಖಲಾಗುವುದಿಲ್ಲ. ರಸ್ತೆ ಅವಳಿಗೆ ಗಾಯ ಮಾಡಲಿಲ್ಲ, ಸುಮ್ಮನೆ ಹಿಂದಕ್ಕೆ ಕಳಿಸಿತು.

ಇತಿಹಾಸ ಕಲಿಸುವವರಿಗೆ ಒಂದು ಸಮಾಧಾನವಿದೆ. ಯಾವುದೂ ಮೊದಲಿನಿಂದ ಹಾಗೇ ಇರಲಿಲ್ಲ ಎಂಬುದು ನಮಗೆ ಗೊತ್ತು. ಇಂದು ಮಕ್ಕಳು ನಿಶ್ಚಿಂತೆಯಿಂದ ತುಳಿಯುವ ಡಚ್ ಬೀದಿಗಳು 1971ರಲ್ಲಿ ಮಕ್ಕಳನ್ನು ಕೊಲ್ಲುತ್ತಿದ್ದವು. ಅವನ್ನು ಬದಲಿಸಿದ್ದು ಸಪಾಟು ನೆಲವಲ್ಲ. ಒಬ್ಬ ತಂದೆ ಬರೆದ, ಹಲವು ತಾಯಂದಿರು ಕೇಳಿದ, ಎಂಜಿನಿಯರುಗಳು ತಿದ್ದಿ ತಿದ್ದಿ ಕಲಿತ. ನಮ್ಮ ಎಂಜಿನಿಯರುಗಳ ಬಳಿ 1962ರಿಂದ ಪುಸ್ತಕವಿದೆ, ರಸ್ತೆಗೆ ಅಗಲವಿದೆ, ಮಕ್ಕಳ ಬಳಿ ನಕ್ಷೆಯಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡು, ಯಾರ ಜೊತೆಯೂ ಇಲ್ಲದೆ, ಮನೆಯಿಂದ ಶಾಲೆಗೆ ತುಳಿದುಕೊಂಡು ಬರುವಂತಿದ್ದರೆ ಆ ರಸ್ತೆ ಸರಿಯಾಗಿದೆ. ಬರುವಂತಿಲ್ಲದಿದ್ದರೆ, ಅದು ಎಷ್ಟೇ ಅಗಲವಿರಲಿ, ಇನ್ನೂ ಕಟ್ಟಿ ಮುಗಿದಿಲ್ಲ.